ಸಣ್ಣಜ್ಜಿ ಗೆಜ್ಜೆ ಕಟ್ಟಿದವರಲ್ಲ

ಪ್ರೀತಿಯ ಗೆಳೆಯಾ,

ನಿನ್ನ ಕಾಗದ ಓದಿ ನಾಲ್ಕು ದಿನ ಆಯಿತು. ಉತ್ತರ ಬರೆಯಲು ಕೂತಾಗೆಲ್ಲ ಕರೆಂಟ್ ಹೋಗುತ್ತಿತ್ತು. ಜುಲೈ ಆಗಸ್ಟಿನ ಆಟಿ ತಿಂಗಳ ಮಳೆ, ನಿನಗೆ ಗೊತ್ತುಂಟಲ್ಲ. ಇವತ್ತು ಸ್ವಲ್ಪ ಬಿಟ್ಟಿದೆ. ಗದ್ದೆ ಕಡೆಯಿಂದ ಕಪ್ಪೆಗಳ ಕೂಗು ಬಿಟ್ಟರೆ ಬೇರೆ ಸದ್ದಿಲ್ಲ. ಚಾವಡಿಯ ದೀಪದ ಕೆಳಗೆ ಕೂತು ಬರೆಯುತ್ತಿದ್ದೇನೆ.

ಅಮೆರಿಕದ ಸ್ಯಾನ್ ಹೋಸೆಯಲ್ಲಿ ದೆವ್ವದ ಮನೆ ಅಂತ ಹೆಸರಾದ ವಿಂಚೆಸ್ಟರ್ ಮನೆ ನೋಡಲು ಆಫೀಸಿನವರ ಜೊತೆ ಹೋದದ್ದು, ಅದನ್ನು ಕಟ್ಟಿಸಿದ ಸಾರಾ ವಿಂಚೆಸ್ಟರ್ ಎಂಬ ಮುದುಕಿಯ ಮಲಗುವ ಕೋಣೆಯಲ್ಲಿ ನಿಂತಾಗ ಕುತ್ತಿಗೆಯ ಹಿಂದೆ ಯಾರೋ ತಣ್ಣಗೆ ಉಸಿರು ಬಿಟ್ಟ ಹಾಗಾದದ್ದು, ಕಣ್ಣಂಚಿನಲ್ಲಿ ಬೂದು ಬಣ್ಣದ್ದೇನೋ ಸರಿದುಹೋದದ್ದು, ಎಲ್ಲ ಬರೆದಿದ್ದೀಯ. ಆ ರಾತ್ರಿ ದೀಪ ಆರಿಸದೆ ಮಲಗಿದೆ ಅಂತಲೂ. ಕೊನೆಗೆ ಒಂದು ಪ್ರಶ್ನೆ. 'ನಿಮ್ಮ ಮನೆಯ ಉಪ್ಪರಿಗೆಯಲ್ಲೂ ಹಾಗೆ ಉಂಟಂತೆ, ವೀಡಿಯೊ ನೋಡಿದೆ. ಹೌದಾ ಮಾರಾಯ?'

ನಿನಗೆ ಆದದ್ದು ನಿಜವಾಗಿ ಆಗಿದೆ. ಅದರಲ್ಲಿ ನನಗೆ ಸಂಶಯ ಇಲ್ಲ. ಭಯ ಆದದ್ದನ್ನು ಒಪ್ಪಿಕೊಳ್ಳಲು ನೀನು ಯಾವತ್ತೂ ನಾಚಿದವನಲ್ಲ. ಆದರೆ ನಮ್ಮ ಮನೆಯ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಉದ್ದ ಬರೆಯಲೇಬೇಕು. ಆ ವೀಡಿಯೊದಲ್ಲಿ ದೆವ್ವ ಅಂತ ತೋರಿಸಿದ್ದು ನನ್ನ ಸಣ್ಣಜ್ಜಿಯನ್ನು. ಅದಕ್ಕೇ ಈ ಪತ್ರವನ್ನು ನಿನಗೊಬ್ಬನಿಗೆ ಕಳಿಸದೆ ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ.

ನೀನು ಆ ಉಪ್ಪರಿಗೆಯಲ್ಲಿ ಎಷ್ಟು ಸಲ ಮಲಗಿದ್ದೀಯ, ನೆನಪುಂಟಾ? ದೊಡ್ಡ ರಜೆಯಲ್ಲಿ ಉಡುಪಿಯಿಂದ ಬಸ್ಸಿನಲ್ಲಿ ಬ್ರಹ್ಮಾವರಕ್ಕೆ ಬಂದು, ಅಲ್ಲಿಂದ ಒಳದಾರಿ ನಡೆದು, ಗದ್ದೆಯ ಅಂಚಿನಲ್ಲಿ ಜಾರಿ, ಕಾಲೆಲ್ಲ ಕೆಸರು ಮಾಡಿಕೊಂಡು ಬರುತ್ತಿದ್ದೆವು. ಆಗ ಮನೆಯಲ್ಲಿ ಹದಿನೆಂಟು ಜನ ಇದ್ದರು. ರಾತ್ರಿ ಕೆಮ್ಮು, ಗೊರಕೆ, ಮಗುವಿನ ಅಳು, ಹಟ್ಟಿಯಲ್ಲಿ ದನದ ಗಂಟೆ. ಅಷ್ಟು ಸದ್ದಿನ ನಡುವೆ ಮರದ ಹಲಗೆ ಒಂದು ಟಕ್ ಅಂದರೆ ಯಾರು ಕೇಳಿಸಿಕೊಳ್ಳುತ್ತಾರೆ? ನಮ್ಮ ಮನೆಗೆ ದೆವ್ವ ಬಂದದ್ದು ಮನುಷ್ಯರು ಹೋದ ಮೇಲೆ.

ಹೋದದ್ದೂ ಒಂದೇ ದಿನದಲ್ಲಿ ಅಲ್ಲ. ನಮ್ಮದು ಅಳಿಯಸಂತಾನದ ಮನೆ. ತಾಯಿಯ ಕಡೆಯಿಂದ ಬರುವ ಕುಟುಂಬ, ಪಾಲು ಮಾಡುವ ಪದ್ಧತಿ ಮೊದಲು ಇರಲಿಲ್ಲ. 1949ರಲ್ಲಿ ಮದ್ರಾಸ್ ಸರಕಾರದ ಅಳಿಯಸಂತಾನ ಕಾಯ್ದೆ ಬಂದ ಮೇಲೆ ಪಾಲು ಕೇಳುವ ಹಕ್ಕು ಸಿಕ್ಕಿತು. ಆಮೇಲೆ 1974ರ ಭೂಸುಧಾರಣೆ. ಗೇಣಿ ಭತ್ತ ಬರುವುದು ನಿಂತಿತು. ಉಳುವವರಿಗೆ ಭೂಮಿ ಸಿಗಬೇಕಾದದ್ದೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಗೇಣಿಯನ್ನೇ ನಂಬಿ ಕಟ್ಟಿದ ಅಷ್ಟು ದೊಡ್ಡ ಮನೆಗೆ ಹೆಂಚು ಹೊದೆಸುವವರು ಯಾರು? ಮಾವಂದಿರು ಬೊಂಬಾಯಿಗೆ ಹೋದರು, ಅವರ ಮಕ್ಕಳು ಮಂಗಳೂರಿಗೆ, ದುಬೈಗೆ. 2004ರಲ್ಲಿ ಅಮ್ಮ ಬೀಗ ಹಾಕಿ ನನ್ನ ಜೊತೆ ಉಡುಪಿಗೆ ಬಂದರು. ಹನ್ನೆರಡು ವರ್ಷ ಬೀಗ. ಪ್ರತಿ ತಿಂಗಳ ಸಂಕ್ರಾಂತಿಗೊಮ್ಮೆ ಯಾರಾದರೂ ಹೋಗಿ ದೈವದ ಕೋಣೆಯಲ್ಲಿ ದೀಪ ಇಟ್ಟು ಬರುತ್ತಿದ್ದೆವು, ಅಷ್ಟೆ.

ಕತ್ತಲಲ್ಲಿ ನಿಂತ ಎರಡು ಮಹಡಿಯ ಮನೆ, ತಿಂಗಳಿಗೊಮ್ಮೆ ಒಳಗೆ ಮಿಣುಕುವ ದೀಪ. ಕತೆ ಹುಟ್ಟಲು ಇಷ್ಟು ಸಾಕಲ್ವಾ? ಬೀಗ ಹಾಕಿದ ಹಳೆ ಬಂಗಲೆಗಳ ಬಗ್ಗೆ ಮಂಗಳೂರಲ್ಲೂ ಕೇಳುವುದು ಇಂಥದ್ದೇ ಕತೆ.

2016ರಲ್ಲಿ ನಾನು ಸಾಲ ಮಾಡಿ ಮನೆ ರಿಪೇರಿ ಮಾಡಿಸಿದೆ. ಮುರಿದ ಪಕ್ಕಾಸು ತೆಗೆಸಿ ಹೊಸದು ಹಾಕಿಸಿದೆ. ಹೆಂಚು ಇಳಿಸುವಾಗ ಹಳೆಯ ಬಾಸೆಲ್ ಮಿಶನ್ ಹೆಂಚುಗಳು ಸಿಕ್ಕವು, ಅಕ್ಷರ ಇನ್ನೂ ಅಳಿಸಿರಲಿಲ್ಲ. ಸ್ವಿಟ್ಜರ್ಲೆಂಡಿನ ಆ ಕ್ರೈಸ್ತ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ್ದು 1865ರಲ್ಲಿ. ಒಡೆಯದೆ ಉಳಿದವನ್ನು ತೊಳೆದು ಮತ್ತೆ ಅಲ್ಲೇ ಹೊದೆಸಿದೆವು. ಹಲಸಿನ ಕಂಬಗಳಿಗೆ ಎಣ್ಣೆ ಉಜ್ಜಿದೆವು. ಮನೆ ಉಳಿಯಬೇಕಾದರೆ ಸ್ವಲ್ಪ ಹಣ ಬರಬೇಕು, ಅದಕ್ಕೆ ಮೂರು ಕೋಣೆ ಅತಿಥಿಗಳಿಗೆ ಬಿಟ್ಟೆವು. ಬಂದವರು ಬರೆದು ಹೋಗಲಿ ಅಂತ ಚಾವಡಿಯಲ್ಲಿ ಒಂದು ದಪ್ಪ ಪುಸ್ತಕ ಇಟ್ಟೆ.

ಮೊದಲ ಎರಡು ವರ್ಷ ಅದರಲ್ಲಿ ಇದ್ದದ್ದು ನೀರ್ ದೋಸೆ, ಕೋರಿ ರೊಟ್ಟಿ, ಸೀತಾನದಿ, ತಣ್ಣಗಿನ ನೆಲ. ಅಲ್ಲೊಂದು ಇಲ್ಲೊಂದು, 'ರಾತ್ರಿ ಮೇಲೆ ಯಾರೋ ನಡೆದ ಹಾಗೆ ಕೇಳಿತು', 'ಬಾಗಿಲು ತಾನೇ ತೆರೆಯಿತು'. ನಾನು ಈ ಸಾಲುಗಳ ಕೆಳಗೆ ಗೆರೆ ಎಳೆದು ಕೋಣೆ ಯಾವುದು, ಎಷ್ಟು ಹೊತ್ತಿಗೆ, ಬಿಸಿಲಿತ್ತೋ ಮಳೆಯೋ ಅಂತ ಬರೆದಿಡುತ್ತಿದ್ದೆ. ಮನೆಗೆ ಗೆದ್ದಲು ಹಿಡಿದಿದೆಯೋ ಏನೋ ಅಂತ ನನಗೆ ಹೆದರಿಕೆ, ಅದಕ್ಕೆ. ಆಮೇಲೆ ನಾನೇ ಎಷ್ಟೋ ರಾತ್ರಿ ಟಾರ್ಚ್ ಹಿಡಿದು ಉಪ್ಪರಿಗೆಯಲ್ಲಿ ಕೂತೆ.

ಆ ನಡಿಗೆಯ ಸದ್ದು ನಾನೂ ಕೇಳಿದ್ದೇನೆ. ಏಪ್ರಿಲ್ ತಿಂಗಳ ಒಂದು ಸಂಜೆ, ಏಳೂವರೆ ಹೊತ್ತಿಗೆ. ಮೂಡಣ ಮೂಲೆಯಲ್ಲಿ ಮೊದಲ ಟಕ್. ಆಮೇಲೆ ಅದರ ಪಕ್ಕದ ಹಲಗೆ. ಆಮೇಲೆ ಇನ್ನೂ ಈಚೆ. ಯಾರೋ ನಿಧಾನಕ್ಕೆ ಹೆಜ್ಜೆ ಹಾಕಿ ನನ್ನ ಕಡೆ ಬಂದು, ನನ್ನನ್ನು ದಾಟಿ, ಪಡುವಣ ಕಿಟಕಿಯ ಹತ್ತಿರ ನಿಂತ ಹಾಗೆ. ರೋಮ ಎದ್ದು ನಿಂತಿತು. ಮರುದಿನ ಮತ್ತೆ ಕೂತೆ, ಕೈಯನ್ನು ಹಲಗೆಯ ಮೇಲಿಟ್ಟು. ಹಗಲಿಡೀ ಹೆಂಚಿನ ಕೆಳಗೆ ಕಾದ ಮರ ಸಂಜೆ ತಣಿಯುತ್ತಾ ಕುಗ್ಗುತ್ತದೆ. ಕುಗ್ಗುವಾಗ ಮೊಳೆಯ ಹತ್ತಿರ ಬಿಗಿ ತಪ್ಪಿ ಟಕ್ ಅನ್ನುತ್ತದೆ. ಮೂಡಣ ಬದಿಗೆ ಬಿಸಿಲು ಮೊದಲು ಬಿಡುತ್ತದೆ, ಅಲ್ಲಿಂದ ಶುರು. ಬಿಸಿಲು ಇಲ್ಲದ ದಿನ ಯಾರೂ ನಡೆಯುವುದಿಲ್ಲ. ಪುಸ್ತಕದಲ್ಲೂ ಹಾಗೇ ಇತ್ತು, ಮಳೆಗಾಲದಲ್ಲಿ ಒಂದೇ ಒಂದು ನಡಿಗೆ ಇಲ್ಲ.

ಬಾಗಿಲಿನದ್ದು ಬೇರೆ. ಮಳೆಗಾಲದಲ್ಲಿ ಮರ ಉಬ್ಬಿ ಬಾಗಿಲು ತಳ್ಳಿದರೂ ಬರುವುದಿಲ್ಲ. ಡಿಸೆಂಬರಿನಲ್ಲಿ ಒಣಗಿ ಚಿಲಕ ಸಡಿಲ. ಇನ್ನು ಗಾಳಿ. ಹಗಲು ಕಡಲಿನಿಂದ ಬರುವ ಗಾಳಿ ರಾತ್ರಿ ತಿರುಗಿ ನೆಲದ ಕಡೆಯಿಂದ ಕಡಲಿಗೆ ಹೋಗುತ್ತದೆ. ಅದು ತಿರುಗಿದ ಹೊತ್ತಿಗೆ ಬಾಗಿಲು ಮೆಲ್ಲ ತೆರೆದುಕೊಳ್ಳುತ್ತದೆ, ತಣ್ಣಗೆ ಕುತ್ತಿಗೆಗೆ ತಾಗುತ್ತದೆ. ಉಸಿರು ಬಿಟ್ಟಂತೆಯೇ. ಮುಚ್ಚಿಗೆಯ ಮೇಲೆ ಕಬ್ಬೆಕ್ಕು ಓಡುವುದು, ಗೋಪುರದ ಗೂಡಿನಲ್ಲಿ ಗೂಬೆ ಮರಿಗಳು ಮನುಷ್ಯರು ಗೊರಕೆ ಹೊಡೆದ ಹಾಗೆ ಉಸಿರೆಳೆಯುವುದು, ಇವೆಲ್ಲ ನೀನೂ ಸಣ್ಣಂದಿನಲ್ಲಿ ಕೇಳಿದ್ದೇ.

ಇನ್ನು ನೀನು ನೋಡಿದ ಬೂದು ನೆರಳು. ಇಂಗ್ಲೆಂಡಿನಲ್ಲಿ ವಿಕ್ ಟ್ಯಾಂಡಿ ಎಂಬ ಇಂಜಿನಿಯರ್‌ಗೆ ಥೇಟ್ ನಿನ್ನ ಹಾಗೇ ಆಗಿತ್ತು. ರಾತ್ರಿ ಲ್ಯಾಬಿನಲ್ಲಿ ಒಬ್ಬನೇ ಕೂತಾಗ ಮೈ ತಣ್ಣಗಾಗಿ, ಕಣ್ಣಂಚಿನಲ್ಲಿ ಬೂದು ಆಕಾರ. ಮರುದಿನ ಅಲ್ಲೇ ಬಿಗಿಹಿಡಿಯುವ ವೈಸ್‌ಗೆ ಸಿಕ್ಕಿಸಿಟ್ಟ ಕತ್ತಿವರಸೆಯ ಕತ್ತಿ ಯಾರೂ ಮುಟ್ಟದೆ ನಡುಗುವುದು ಕಂಡ. ಹೊಸದಾಗಿ ಹಾಕಿದ ಒಂದು ಫ್ಯಾನ್ ಸೆಕೆಂಡಿಗೆ ಸುಮಾರು 19 ಸಲ ಗಾಳಿಯನ್ನು ಅದುರಿಸುತ್ತಿತ್ತು. ನಮ್ಮ ಕಿವಿಗೆ ಕೇಳುವುದು 20ರಿಂದ ಮೇಲೆ. ಕೇಳದ ಸದ್ದು ಮೈಗೆ ಮಾತ್ರ ತಾಗುತ್ತಿತ್ತು ಅಂತ ಅವರು 1998ರಲ್ಲಿ ಬರೆದರು. ನೀನು ನಿಂತ ಕೋಣೆಯಲ್ಲಿ ಅದೇ ಇತ್ತು ಅಂತ ನಾನು ಹೇಳುತ್ತಿಲ್ಲ. ಮೈಗೆ ಆಗುವುದು ಸುಳ್ಳಲ್ಲ, ಅದಕ್ಕೆ ಸತ್ತವರೇ ಕಾರಣ ಆಗಬೇಕಿಲ್ಲ, ಇಷ್ಟು ಮಾತ್ರ.

ಮೂರನೆಯ ವರ್ಷ ಆ ಹುಡುಗರು ಬಂದರು. ಕ್ಯಾಮೆರಾ ಹಿಡಿದು ಮೂರು ಜನ. ಹಳೆಯ ಮರಗೆಲಸದ ವೀಡಿಯೊ ಮಾಡುತ್ತೇವೆ ಅಂದರು. ನನಗೆ ಖುಷಿಯಾಗಿ ಊಟಕ್ಕೂ ಹಣ ತೆಗೆದುಕೊಳ್ಳಲಿಲ್ಲ. ಅವರು ಊರಿನಲ್ಲಿ ನಾಲ್ಕು ಜನರ ಹತ್ತಿರ ಮಾತಾಡಿದರು. ಒಬ್ಬರು ವಯಸ್ಸಾದವರು ಹೇಳಿದ್ದಾರೆ, ಮೊದಲೆಲ್ಲ ರಾತ್ರಿ ಆ ದಾರಿಯಲ್ಲಿ ಬರುವಾಗ ಉಪ್ಪರಿಗೆಯ ಕಿಟಕಿಯಲ್ಲಿ ಬಿಳಿ ಸೀರೆಯ ಹೆಂಗಸು ಲಾಟೀನು ಇಟ್ಟುಕೊಂಡು ಕೂತಿರುತ್ತಿದ್ದರು ಅಂತ. ಅವರು ಹೇಳಿದ್ದು ಸತ್ಯ. ಅವರು ನೋಡಿದ್ದು ಬದುಕಿದ್ದ ಸಣ್ಣಜ್ಜಿಯನ್ನು. ವೀಡಿಯೊದಲ್ಲಿ ಅದು ಏನಾಯಿತು ಗೊತ್ತಾ? ಗಂಡ ಸತ್ತ ಮೇಲೆ ಮನೆಯವರು ಕೂಡಿ ಹಾಕಿದ ವಿಧವೆ, ಉಪ್ಪರಿಗೆಯ ತೊಲೆಗೆ ನೇಣು, ಮಧ್ಯರಾತ್ರಿ ಗೆಜ್ಜೆ ಸದ್ದು.

ಇನ್ನೊಂದು ತಪ್ಪು ಮಾಡಿದರು. ದೈವದ ಕೋಣೆಯ ಬಾಗಿಲು ತೋರಿಸಿ 'ಭೂತದ ಕೋಣೆ' ಅಂತ ಕೆಂಪು ಅಕ್ಷರದಲ್ಲಿ ಹಾಕಿದರು. ನಾವೂ ಹಾಗೇ ಹೇಳುತ್ತೇವೆ, ಹೌದು. ಆದರೆ ತುಳುನಾಡಿನಲ್ಲಿ ಭೂತ ಅಂದರೆ ದೈವ. ನಮ್ಮ ಮನೆಯದ್ದು ಪಂಜುರ್ಲಿ. ಕೈ ಮುಗಿದು ಕಷ್ಟ ಹೇಳಿಕೊಳ್ಳುವ ಜಾಗ ಅದು. ಸತ್ತವರಿಗೆ ನಮ್ಮಲ್ಲಿ ಬೇರೆಯೇ ಹೆಸರುಂಟು, ಕುಲೆ. ಈ ಗೊಂದಲ ಹೊಸದೂ ಅಲ್ಲ. ಬರ್ನೆಲ್ ಎಂಬ ಇಂಗ್ಲಿಷ್ ಅಧಿಕಾರಿ ಸಂಗ್ರಹಿಸಿದ ನಮ್ಮ ಪಾಡ್ದನಗಳು, ಅಂದರೆ ದೈವಗಳ ಕತೆ ಹೇಳುವ ತುಳು ಹಾಡುಗಳು, 1894ರಿಂದ ಇಂಗ್ಲಿಷಿನಲ್ಲಿ ಅಚ್ಚಾದವು. ದೊಡ್ಡ ಉಪಕಾರ ಅದು. ಆದರೆ ತಲೆಬರಹದಲ್ಲೇ ತುಳುವರದ್ದು ಪಿಶಾಚಿ ಪೂಜೆ ಅಂತ ಇತ್ತು. ನೂರಿಪ್ಪತ್ತು ವರ್ಷ ಕಳೆದು ನಮ್ಮ ಭಾಷೆಯ ಹುಡುಗರೇ ಅದನ್ನು ಮತ್ತೆ ಮಾಡಿದರು. ಅಮ್ಮ ಆ ವೀಡಿಯೊ ನೋಡಿ ಎರಡು ದಿನ ಸರಿ ಊಟ ಮಾಡಲಿಲ್ಲ.

ಈಗ ಪುಸ್ತಕದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನನಗೆ ಎಲ್ಲಕ್ಕಿಂತ ಜಾಸ್ತಿ ತಟ್ಟಿದ್ದು ಅದು. ವೀಡಿಯೊ ಬಂದ ಮೇಲೆ ಬುಕಿಂಗ್ ಜಾಸ್ತಿಯಾಯಿತು. ಬರುವವರೇ ಬೇರೆ. ಉಪ್ಪರಿಗೆಯ ಕೋಣೆಯೇ ಬೇಕು, ಅಮಾವಾಸ್ಯೆಯೇ ಬೇಕು. ಪುಸ್ತಕದಲ್ಲಿ ಪುಟ ಪುಟ ಗೆಜ್ಜೆಯ ಸದ್ದು ಬಂತು. ಬಿಳಿ ಸೀರೆ ಬಂತು. ಒಬ್ಬರಿಗೆ ತೊಲೆಯಿಂದ ಹಗ್ಗ ತೂಗಿದ ಹಾಗೆ ಕಂಡಿತು. ಇನ್ನೊಬ್ಬರು ಎದೆಯ ಮೇಲೆ ಯಾರೋ ಕೂತ ಹಾಗಾಗಿ ಎಚ್ಚರವಾದರೂ ಕೈಕಾಲು ಅಲ್ಲಾಡಿಸಲು ಆಗಲಿಲ್ಲ ಅಂತ ಬರೆದರು. ನಿದ್ದೆಯಲ್ಲಿ ಮನಸ್ಸು ಎದ್ದು ಮೈ ಏಳದಿದ್ದರೆ ಹಾಗಾಗುತ್ತದೆ, ಹೊಸ ಜಾಗದಲ್ಲಿ ನಿದ್ದೆ ಕೆಟ್ಟವರಿಗೆ, ಅಂಗಾತ ಮಲಗುವವರಿಗೆ ಜಾಸ್ತಿ. ಅವರು ಯಾರೂ ಸುಳ್ಳು ಬರೆದಿಲ್ಲ. ಬೆಳಿಗ್ಗೆ ಅವರ ಮುಖ ನೋಡಿದ್ದೇನೆ ನಾನು.

ಆದರೆ ಸಣ್ಣಜ್ಜಿಯ ಕಾಲಿನಲ್ಲಿ ಗೆಜ್ಜೆ ಯಾವತ್ತೂ ಇರಲಿಲ್ಲ. ಅವರ ಸದ್ದು ಅಂದರೆ ಒಂದೇ, ಕುಟ್ಟಾಣಿ. ನಿನಗೆ ಈಗ ನೆನಪಾಗಿರಬೇಕು. ಹಲ್ಲಿಲ್ಲದ ಬಾಯಿ, ಹಾಗಾಗಿ ಎಲೆ ಅಡಿಕೆಯನ್ನು ಆ ಸಣ್ಣ ಕಬ್ಬಿಣದ ಕುಟ್ಟಾಣಿಯಲ್ಲಿ ಹಾಕಿ ಟಣ್ ಟಣ್ ಅಂತ ಕುಟ್ಟುತ್ತಿದ್ದರು. ಮೊದಲು ಅಡಿಕೆ, ಆಗ ಸದ್ದು ಗಟ್ಟಿ. ಆಮೇಲೆ ಸುಣ್ಣ ಸವರಿದ ಎಲೆ, ಆಗ ಸದ್ದು ಮೆತ್ತಗೆ. ಕೊನೆಗೆ ಅಂಚಿಗೆ ಎರಡು ಸಲ ತಟ್ಟಿ ಅಂಗೈಗೆ ಸುರಿದುಕೊಳ್ಳುತ್ತಿದ್ದರು. ನಮಗೂ ಒಂದು ಚೂರು ಕೊಡುತ್ತಿದ್ದರು, ಅಮ್ಮನಿಗೆ ಗೊತ್ತಾಗದ ಹಾಗೆ. ರಾತ್ರಿ ಎರಡು ಗಂಟೆಗೂ ಆ ಸದ್ದು ಕೇಳುತ್ತಿತ್ತು. ಆ ಮನೆಯಲ್ಲಿ ಸಣ್ಣಜ್ಜಿ ಬಂದರೆ ಮೊದಲು ಕೇಳಬೇಕಾದ್ದು ಅದು. ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದೆ. ಕುಟ್ಟಾಣಿಯ ಸದ್ದು ಒಬ್ಬರಿಗೂ ಕೇಳಿಲ್ಲ. ವೀಡಿಯೊ ಮಾಡಿದವರಿಗೆ ಅದು ಗೊತ್ತಿರಲಿಲ್ಲ, ಹಾಗಾಗಿ ನೋಡಿದವರಿಗೂ ಗೊತ್ತಿರಲಿಲ್ಲ.

ಸಣ್ಣಜ್ಜಿ ಅಂದರೆ ನನ್ನ ಅಜ್ಜಿಯ ತಂಗಿ. ಹದಿನಾರರಲ್ಲಿ ಮದುವೆ, ಗಂಡನಿಗೆ ಬೊಂಬಾಯಿಯಲ್ಲಿ ಕೆಲಸ. ಎರಡೇ ವರ್ಷದಲ್ಲಿ ಅವರು ಜ್ವರ ಬಂದು ತೀರಿಕೊಂಡರು. ಸಣ್ಣಜ್ಜಿ ಊರಿಗೆ ಬಂದರು. ಇಲ್ಲಿ ಒಂದು ವಿಷಯ ಆ ವೀಡಿಯೊದವರಿಗೆ ತಿಳಿಯಲೇ ಇಲ್ಲ. ಅಳಿಯಸಂತಾನದ ಮನೆಯಲ್ಲಿ ಮಗಳು ಹಿಂದೆ ಬಂದರೆ ಯಾರ ಹಂಗಿಗೂ ಬಂದವಳಲ್ಲ. ಮನೆ ಅವಳದ್ದೇ. ಅವರನ್ನು ಕೂಡಿ ಹಾಕಿದ್ದಲ್ಲ, ಪತ್ತಾಯದ, ಅಂದರೆ ಧಾನ್ಯದ ಪೆಟ್ಟಿಗೆಯ, ಬೀಗದ ಕೈ ಅವರ ಸೊಂಟದಲ್ಲಿ ಇತ್ತು. ಎಷ್ಟು ಮುಡಿ ಅಕ್ಕಿ ಬಂತು, ಯಾರಿಗೆ ಎಷ್ಟು ಕೊಟ್ಟದ್ದು, ಎಲ್ಲ ಅವರ ಬಾಯಲ್ಲಿ. ಮಾವಂದಿರು ಅವರ ಎದುರು ದನಿ ಎತ್ತುತ್ತಿರಲಿಲ್ಲ.

ಅವರಿಗೆ ದಮ್ಮು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಹಾಗಾಗಿ ಗಾಳಿ ಬರುವ ಕಿಟಕಿಯ ಹತ್ತಿರ, ಉಪ್ಪರಿಗೆಯಲ್ಲಿ, ದಿಂಬಿಗೆ ಒರಗಿ ಕೂತೇ ರಾತ್ರಿ ಕಳೆಯುತ್ತಿದ್ದರು. ಲಾಟೀನು ಬೇಕಾದದ್ದು ಎಲೆಗೆ ಸುಣ್ಣ ಹಚ್ಚಲು. ದಾರಿಯಲ್ಲಿ ಹೋಗುವವರು ಮೇಲೆ ನೋಡಿ 'ಅಮ್ಮ, ನಿದ್ದೆ ಬರಲಿಲ್ವಾ?' ಅಂತ ಕೇಳಿದರೆ, 'ನಿನಗೆ ಮನೆ ಸೇರಲು ದೀಪ ಬೇಕಲ್ಲ' ಅನ್ನುತ್ತಿದ್ದರು. ತೀರಿಕೊಂಡದ್ದು 1991ರಲ್ಲಿ, ಉಪ್ಪರಿಗೆಯಲ್ಲಿ ಅಲ್ಲ, ಕೆಳಗೆ ಚಾವಡಿಯಲ್ಲಿ, ನನ್ನ ಅಮ್ಮನ ಮಡಿಲಲ್ಲಿ. ನಾನು ಅಲ್ಲೇ ಇದ್ದೆ.

ಇನ್ನೊಂದನ್ನು ಹೇಳದಿದ್ದರೆ ಈ ಪತ್ರ ಪೂರ್ತಿ ಆಗುವುದಿಲ್ಲ. ಅದು ನನ್ನದೇ ತಪ್ಪು.

ಅತಿಥಿಗಳಿಗೆ ಅಂತ ಹಳೆಯ ಬಚ್ಚಲುಮನೆಯಲ್ಲಿ ಹಂಡೆ ತೆಗೆದು ಗ್ಯಾಸ್ ಗೀಸರ್ ಹಾಕಿಸಿದ್ದೆ. ಒಂದು ಸಣ್ಣ ಕಿಟಕಿ ಇತ್ತು, ಕಬ್ಬೆಕ್ಕು ಬರುತ್ತದೆ ಅಂತ ಅದಕ್ಕೆ ಹಲಗೆ ಹೊಡೆಸಿದ್ದೆ. ಒಂದು ನವೆಂಬರಿನಲ್ಲಿ ಬಂದವರು ಪುಸ್ತಕದಲ್ಲಿ ಬರೆದರು, 'ಬಚ್ಚಲಲ್ಲಿ ಯಾರೋ ನಮ್ಮನ್ನೇ ನೋಡುತ್ತಿದ್ದ ಹಾಗಾಯಿತು, ತಲೆ ಭಾರವಾಯಿತು.' ಗೆಜ್ಜೆಯ ಸಾಲುಗಳನ್ನು ಓದಿ ಓದಿ ನನಗೆ ಬೇಸರ ಬಂದಿತ್ತು. ಇದೂ ಅದೇ ಅಂತ ಪುಟ ಮಗುಚಿದೆ. ಗೆರೆ ಎಳೆಯಲಿಲ್ಲ, ಹೊತ್ತು ಬರೆಯಲಿಲ್ಲ. ತಿಂಗಳ ನಂತರ ಬೆಂಗಳೂರಿನಿಂದ ಗಂಡ ಹೆಂಡತಿ ಬಂದರು. ಆ ಹುಡುಗಿ ಸ್ನಾನಕ್ಕೆ ಹೋಗಿ ಅರ್ಧ ಗಂಟೆಯಾದರೂ ಬರಲಿಲ್ಲ. ಗಂಡ ಕೂಗಿದ, ಉತ್ತರ ಇಲ್ಲ. ಇಬ್ಬರೂ ಸೇರಿ ಬಾಗಿಲು ಒಡೆದೆವು. ನೆಲದ ಮೇಲೆ ಬಿದ್ದಿದ್ದಳು. ಹೊರಗೆ ಗಾಳಿಗೆ ತಂದು ಮಲಗಿಸಿದ ಮೇಲೆ ಕಣ್ಣು ಬಿಟ್ಟು ಹೇಳಿದ ಮೊದಲ ಮಾತು, 'ಹಬೆಯ ಹಿಂದೆ ಒಬ್ಬರು ನಿಂತಿದ್ದರು, ನನ್ನ ಎದೆ ಒತ್ತಿದರು.'

ಅಲ್ಲಿ ನಿಂತ ಒಬ್ಬರು ಕೂಡಲೇ ಅಂದರು, ಜ್ಯೋತಿಷಿಯನ್ನು ಕರೆಸಿ ಅಷ್ಟಮಂಗಲ ಇಡಿಸಿ, ಇದು ನಿಮ್ಮ ಸಣ್ಣಜ್ಜಿಯದ್ದೇ ಕೆಲಸ. ಆಸ್ಪತ್ರೆಯ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ ಬೇರೆ. 'ಗ್ಯಾಸ್ ಗೀಸರಾ? ಕಿಟಕಿ ಉಂಟಾ?'

ಕಾರ್ಬನ್ ಮೊನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ಗಾಳಿ ಸಾಲದೆ ಗ್ಯಾಸ್ ಅರೆಬರೆ ಉರಿದಾಗ ಹುಟ್ಟುತ್ತದೆ. ನಮ್ಮ ರಕ್ತ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಜಾಸ್ತಿ ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆಭಾರ, ಎದೆ ಒತ್ತಿದ ಹಾಗೆ, ಯಾರೋ ಇದ್ದಾರೆ ಅನ್ನಿಸುವುದು, ಆಮೇಲೆ ಎಚ್ಚರ ತಪ್ಪುವುದು. 1921ರಲ್ಲೇ ವಿಲಿಯಂ ವಿಲ್ಮರ್ ಎಂಬ ಅಮೆರಿಕದ ಕಣ್ಣಿನ ಡಾಕ್ಟರ್ ಒಂದು ಕುಟುಂಬದ ಕತೆ ಬರೆದಿದ್ದಾರೆ. ರಾತ್ರಿ ಹೆಜ್ಜೆ ಸದ್ದು, ಕೋಣೆಯಲ್ಲಿ ಅಪರಿಚಿತರು, ಮನೆಮಂದಿಗೆಲ್ಲ ತಲೆನೋವು. ಮನೆಯೊಳಗಿನ ಗಿಡಗಳೂ ಸಾಯುತ್ತಿದ್ದವು. ಕೆಟ್ಟುಹೋದ ಬಿಸಿಗಾಳಿಯ ಒಲೆಯಿಂದ ಇದೇ ವಿಷ ಮನೆ ತುಂಬುತ್ತಿತ್ತು.

ಆ ಹುಡುಗಿ ಬದುಕಿದಳು. ಎರಡು ದಿನ ಆಸ್ಪತ್ರೆ, ಆಮೇಲೆ ಸರಿಯಾದಳು. ನಾನು ಅವರ ಮನೆಗೇ ಹೋಗಿ ಕ್ಷಮೆ ಕೇಳಿ ಬಂದೆ. ಗೀಸರ್ ಕಿತ್ತು ಹೊರಗೆ ಹಾಕಿಸಿದೆ, ಹಲಗೆ ತೆಗೆಸಿ ಕಿಟಕಿಗೆ ಬಲೆ ಹೊಡೆಸಿದೆ. ಆದರೆ ಆ ಪುಟ ಇನ್ನೂ ನನ್ನ ಕಣ್ಣ ಮುಂದೆ ಇದೆ. ತಿಂಗಳ ಮೊದಲೇ ಒಬ್ಬರು ಬರೆದಿದ್ದರು, 'ತಲೆ ಭಾರವಾಯಿತು' ಅಂತ. ಅದೆಲ್ಲ ಸಣ್ಣಜ್ಜಿಯ ಕತೆ ಅಂದುಕೊಂಡು ನಾನೇ ದಾಟಿಬಿಟ್ಟೆ. ಯಾರಿಗಾದರೂ ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ಇವತ್ತೇ ಹೊರಗೆ ಹಾಕಿಸಿ. ಇದನ್ನು ಓದುವ ಎಲ್ಲರಿಗೂ ಕೈ ಮುಗಿದು ಹೇಳುತ್ತೇನೆ.

ಆಸ್ಪತ್ರೆಯಿಂದ ಬಂದ ರಾತ್ರಿ ಪುಸ್ತಕ ಒಳಗೆ ಇಟ್ಟೆ. ಈಗ ಉಪ್ಪರಿಗೆಯನ್ನು ಬಾಡಿಗೆಗೆ ಕೊಡುವುದಿಲ್ಲ. ಅಮಾವಾಸ್ಯೆಗೇ ಬೇಕು ಅಂದವರಿಗೆ ಜಾಗ ಇಲ್ಲ ಅನ್ನುತ್ತೇನೆ. ಹಣ ಕಡಿಮೆ ಬರುತ್ತದೆ, ಪರವಾಗಿಲ್ಲ.

ನಿನ್ನ ಕಾಗದ ಬಂದ ಮೇಲೆ ನಿನ್ನ ಆ ಸಾರಾ ವಿಂಚೆಸ್ಟರ್ ಬಗ್ಗೆ ಹುಡುಕಿ ಓದಿದೆ. ನನಗೆ ಸಣ್ಣಜ್ಜಿಯೇ ಕಂಡರು. ಹೆಣ್ಣು ಮಗು ಹುಟ್ಟಿ ಆರು ವಾರಕ್ಕೆ ಹೋಯಿತು, 1866ರಲ್ಲಿ. ಗಂಡ 1881ರಲ್ಲಿ ಕ್ಷಯದಿಂದ ಹೋದರು. ಕೈಯಲ್ಲಿ ಬಂದೂಕು ಕಂಪನಿಯ ಹಣ. 1886ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ತೋಟದ ಮನೆ ಕೊಂಡು ಕಟ್ಟಿಸುತ್ತಾ ಹೋದರು. ನಿಮಗೆ ಹೇಳಿದ ಕತೆ ಗೊತ್ತು. ಬಂದೂಕಿನಿಂದ ಸತ್ತವರ ಪ್ರೇತಗಳು, ಅವುಗಳಿಗೆ ದಾರಿ ತಪ್ಪಿಸಲು ಎಲ್ಲಿಗೂ ಹೋಗದ ಮೆಟ್ಟಿಲು, ಗೋಡೆಗೆ ತೆರೆಯುವ ಬಾಗಿಲು, ಹಗಲು ರಾತ್ರಿ ವರ್ಷಗಟ್ಟಲೆ ನಿಲ್ಲದ ಸುತ್ತಿಗೆ ಸದ್ದು. ಆದರೆ ಅವರ ಜೀವನಚರಿತ್ರೆ ಬರೆದ ಮೇರಿ ಜೋ ಇಗ್ನೋಫೊ ಅವರಿಗೆ ಕಾಗದಪತ್ರಗಳಲ್ಲಿ ಆ ಪ್ರೇತಗಳು ಸಿಗಲಿಲ್ಲ. ಸಿಕ್ಕಿದ್ದು ಸುಸ್ತಾಗಿ ಕೆಲಸದವರನ್ನು ತಿಂಗಳುಗಟ್ಟಲೆ ಮನೆಗೆ ಕಳಿಸುತ್ತಿದ್ದ ಒಬ್ಬ ಹೆಂಗಸು. ಕಟ್ಟುವುದು ಕೆಡಹುವುದು ಅವರಿಗೆ ಇಷ್ಟ, ನಕ್ಷೆ ತಾವೇ ಬರೆಯುತ್ತಿದ್ದರು. 1906ರ ಭೂಕಂಪದಲ್ಲಿ ಗೋಪುರ, ಮೇಲಿನ ಮಹಡಿಗಳು ಬಿದ್ದವು. ಅವನ್ನು ಮತ್ತೆ ಕಟ್ಟಿಸಲಿಲ್ಲ. ಮೇಲೆ ಮಹಡಿಯೇ ಇಲ್ಲದ ಮೇಲೆ ಮೆಟ್ಟಿಲು ಎಲ್ಲಿಗೆ ಹೋಗಬೇಕು ಹೇಳು?

ಅವರು ತೀರಿಕೊಂಡದ್ದು 1922ರ ಸೆಪ್ಟೆಂಬರಿನಲ್ಲಿ. ವರ್ಷ ತುಂಬುವ ಮೊದಲೇ, 1923ರಲ್ಲಿ, ಟಿಕೆಟ್ ಕೊಟ್ಟು ಜನರನ್ನು ಒಳಗೆ ಬಿಟ್ಟಿದ್ದಾರೆ. ಗಂಡನನ್ನು ಕೊಂದ ಕ್ಷಯಕ್ಕೆ ಅಂತ ಕನೆಕ್ಟಿಕಟ್‌ನಲ್ಲಿ ಗಂಡನ ಹೆಸರಿನಲ್ಲೇ ಆಸ್ಪತ್ರೆ ಕಟ್ಟಲು ಹಣ ಕೊಟ್ಟವರು ಇದೇ ಸಾರಾ. ನಿಮ್ಮ ಗೈಡ್ ಇದನ್ನು ಹೇಳಿದರಾ?

ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. ಪೂರ್ತಿ ಕೇಳಿ ಅಮ್ಮ ಕೇಳಿದ್ದು ಒಂದೇ. 'ಪಾಪ, ಅವರಿಗೆ ಬಡಿಸುವವರು ಯಾರೂ ಇಲ್ವಾ?'

ನಾನು ಅಮ್ಮನ ಮಗ. ನನಗೂ ಹಾಗೇ ಅನ್ನಿಸುತ್ತದೆ. ನಮ್ಮೂರಿನಲ್ಲಿ ಸತ್ತವರು ನೆಂಟರಾಗಿಯೇ ಉಳಿಯುತ್ತಾರೆ. ಎಳವೆಯಲ್ಲಿ ಹೋದ ಮಕ್ಕಳಿಗೆ ವಯಸ್ಸಾಗುತ್ತದೆ, ಮದುವೆಯ ಪ್ರಾಯ ಬರುತ್ತದೆ. ಆಗ ಎರಡು ಮನೆಯವರು ಕೂತು, ಮಾತಾಡಿ, ಸೀರೆ ತಂದು, ಕುಲೆಗಳ ಮದುವೆ ಮಾಡುತ್ತಾರೆ. 2024ರಲ್ಲಿ ಪುತ್ತೂರು ಕಡೆಯ ಒಂದು ಕುಟುಂಬ ಮೂವತ್ತು ವರ್ಷದ ಹಿಂದೆ ತೀರಿಹೋದ ಮಗಳಿಗೆ ವರ ಬೇಕು ಅಂತ ಪೇಪರಿನಲ್ಲಿ ಜಾಹೀರಾತು ಕೊಟ್ಟದ್ದು ನೀನೂ ಓದಿರಬೇಕು. ದೇಶವೆಲ್ಲ ಅದನ್ನು ವಿಚಿತ್ರ ಅಂತ ಓದಿತು. ನನಗೆ ಕಂಡದ್ದು ಮೂವತ್ತು ವರ್ಷ ಮಗಳ ವಯಸ್ಸನ್ನು ಲೆಕ್ಕ ಹಾಕುತ್ತಾ ಬಂದ ಒಬ್ಬ ತಾಯಿ.

ನಾಡಿದ್ದು ಆಟಿ ಅಮಾವಾಸ್ಯೆ. ಬೆಳಕು ಹರಿಯುವ ಮೊದಲು ಹಾಲೆಮರದ ಕೆತ್ತೆ ತರಬೇಕು, ನೀನು ಮೂಗು ಮುಚ್ಚಿ ಕುಡಿಯುತ್ತಿದ್ದ ಆ ಕಹಿ ಕಷಾಯಕ್ಕೆ. ರಾತ್ರಿ ಕುಲೆಗಳಿಗೆ ಬಡಿಸುತ್ತೇವೆ. ಒಳಕೋಣೆಯಲ್ಲಿ ಸಾಲಾಗಿ ಬಾಳೆ ಎಲೆ. ಸಣ್ಣಜ್ಜಿಯ ಎಲೆಗೆ ಬಂಗುಡೆ ಪುಳಿಮುಂಚಿ, ಪತ್ರೊಡೆ. ಬಡಿಸಿ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕೂರುತ್ತೇವೆ. ಮಾತಾಡುವುದಿಲ್ಲ. ಆಮೇಲೆ ಅಮ್ಮ ಸಣ್ಣಗೆ ಕೆಮ್ಮಿ ಬಾಗಿಲು ತೆರೆಯುತ್ತಾರೆ, ಊಟಕ್ಕೆ ಕೂತವರಿಗೆ ಗೊತ್ತಾಗಲಿ ಅಂತ. ಮಗಳು ಕಳೆದ ವರ್ಷ ಕೇಳಿದಳು, 'ಅಪ್ಪಾ, ಸಣ್ಣಜ್ಜಿಗೆ ಹಲ್ಲಿಲ್ಲ ಅಂದಿರಲ್ಲ, ಅಡಿಕೆ ಇಡೀ ಇಟ್ಟಿದ್ದೀರಿ?' ನನಗೆ ಹೊಳೆದಿರಲೇ ಇಲ್ಲ. ಈ ಸಲ ಪತ್ತಾಯದ ಮೇಲಿನಿಂದ ಕುಟ್ಟಾಣಿ ಇಳಿಸಿ, ಹುಣಸೆಹುಳಿ ಹಾಕಿ ತಿಕ್ಕಿ ಒಣಗಿಸಿದ್ದೇವೆ. ಕುಟ್ಟುವುದು ತಾನೇ ಅಂತ ಅವಳು ಹೇಳಿಟ್ಟಿದ್ದಾಳೆ. ಸಂಜೆ ಅಭ್ಯಾಸಕ್ಕೆ ಅಂತ ಒಂದು ಅಡಿಕೆ ಕುಟ್ಟಿದಳು. ಅಡುಗೆಮನೆಯಲ್ಲಿದ್ದ ಅಮ್ಮ ಕೈಯಲ್ಲಿ ಸೌಟು ಹಿಡಿದೇ ಬಾಗಿಲಿಗೆ ಬಂದು ನಿಂತರು. ಏನೂ ಹೇಳಲಿಲ್ಲ. ಅವಳು ಕುಟ್ಟಿ ಮುಗಿಸುವವರೆಗೆ ನಿಂತಿದ್ದರು.

ಡಿಸೆಂಬರಿನಲ್ಲಿ ಬರುತ್ತೀಯಲ್ಲ, ಉಪ್ಪರಿಗೆಯಲ್ಲೇ ಹಾಸಿಗೆ ಹಾಕಿಸುತ್ತೇನೆ. ಹಲಗೆ ಟಕ್ ಅಂದರೆ ಕೈಯಿಟ್ಟು ನೋಡು.

ಅದಕ್ಕೆ ಮೊದಲು ನನಗೊಂದು ಉಪಕಾರ ಮಾಡು. ಆ ಮನೆಗೆ ಇನ್ನೊಂದು ಸಲ ಹೋಗು, ಸಾಧ್ಯ ಆದರೆ ಜನ ಕಡಿಮೆ ಇರುವ ದಿನ. ಅಲ್ಲಿ ಸುತ್ತಿ ಸುತ್ತಿ ಹೋಗುವ ಒಂದು ಮೆಟ್ಟಿಲ ಸಾಲು ಉಂಟಂತೆ. 44 ಮೆಟ್ಟಿಲು, ಏಳು ತಿರುವು, ಹತ್ತಿದ ಮೇಲೆ ನೋಡಿದರೆ ಏರಿದ್ದು ಬರೀ ಒಂಬತ್ತು ಅಡಿ. ಒಂದೊಂದು ಮೆಟ್ಟಿಲೂ ಸುಮಾರು ಎರಡೂವರೆ ಇಂಚು ಎತ್ತರ, ಅಷ್ಟೆ. ಸಾರಾ ಅವರಿಗೆ ಸಂಧಿವಾತ ಇತ್ತು, ಕಾಲು ಎತ್ತಲು ಆಗುತ್ತಿರಲಿಲ್ಲ. ಅವರು ಹತ್ತಿದ ಹಾಗೆ ಹತ್ತಿ ನೋಡು, ಕಾಲನ್ನು ಜಾಸ್ತಿ ಎತ್ತದೆ, ಗೋಡೆಗೆ ಕೈ ಕೊಟ್ಟು, ನಿಧಾನಕ್ಕೆ. ಮೇಲೆ ಮುಟ್ಟಲು ಎಷ್ಟು ಹೊತ್ತು ಬೇಕಾಯಿತು ಅಂತ ಬರೆ. ಅಮ್ಮ ಕೇಳುತ್ತಿದ್ದಾರೆ.

ನಿನ್ನ,
ಗುತ್ತಿನ ಮನೆಯ ಗೆಳೆಯ